ಪಗಾರದ ಪೆಟ್ಟಿಗೆಯ ಹೊಟ್ಟೆಕಿಚ್ಚು

ನಾನು ಒಂದು ತಗಡಿನ ಪೆಟ್ಟಿಗೆ. ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಟ್ರಂಕು ಮಾಡುವ ಮೆಹಬೂಬಸಾಬನ ಅಂಗಡಿಯಲ್ಲಿ. ಹುಟ್ಟಿದ ದಿನದಿಂದಲೇ ನನಗೆ ಹೊಟ್ಟೆಕಿಚ್ಚು, ಮುಚ್ಚಿಡುವುದೇಕೆ? ನಾನೂ ನನ್ನ ಪಕ್ಕದ ಪೆಟ್ಟಿಗೆಯೂ ಒಂದೇ ತಗಡಿನಲ್ಲಿ ಹುಟ್ಟಿದ ಅಕ್ಕತಂಗಿಯರು. ಅವಳಿಗೆ ಮೈತುಂಬ ಗುಲಾಬಿ ಹೂವು ಬರೆದು ಮದುವೆಯ ಟ್ರಂಕು ಮಾಡಿದರು. ನನಗೆ ಬರೀ ಹಸಿರು ಬಣ್ಣ ಬಳಿದು ಒಂದು ದಪ್ಪ ಚಿಲಕ ಹಚ್ಚಿದರು. ಅವಳು ಸೀರೆ ತುಂಬಿಕೊಂಡು ಬ್ಯಾಂಡಿನ ಸದ್ದಿನಲ್ಲಿ ಹೋದಳು. ನಾನು ಸೈಕಲ್ಲಿನ ಹಿಂದೆ ಹಗ್ಗ ಬಿಗಿಸಿಕೊಂಡು ಬಿಸ್ಕಿಟ್ ಫ್ಯಾಕ್ಟರಿಗೆ ಹೋದೆ.

ಅಲ್ಲಿ ಕ್ಯಾಶಿಯರ್ ಪಂತರು ನನ್ನ ಯಜಮಾನರು. ತಿಂಗಳಿಗೊಮ್ಮೆ, ಪಗಾರದ ದಿನ, ನನ್ನ ವೈಭವ ನೋಡಬೇಕಿತ್ತು. ನೋಟಿನ ಲಕೋಟೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಮೇಜಿನ ಮೇಲೆ ಕುಳಿತರೆ ಪ್ಯಾಕಿಂಗ್ ಹೆಂಗಸರ ಸಾಲು ಗೇಟಿನವರೆಗೆ. ಎಲ್ಲರ ಕಣ್ಣೂ ನನ್ನ ಮೇಲೆ. ಅವತ್ತೊಂದು ದಿನ ಮಾತ್ರ ಆ ಗುಲಾಬಿಯವಳ ನೆನಪು ಬರುತ್ತಿರಲಿಲ್ಲ.

ಆ ಸಾಲಿನಲ್ಲಿ ಫಕ್ಕೀರವ್ವ ಎಂದರೆ ನನಗೆ ಜೀವ. ಲಕೋಟೆ ಹಿಡಿಯುವ ಮೊದಲು ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಆಮೇಲೆ ಮೂಲೆಗೆ ಸರಿದು ಒಂದಿಷ್ಟು ನೋಟನ್ನು ಎಲೆಅಡಿಕೆಯ ಸಂಚಿಗೆ ಸೇರಿಸಿ, ಉಳಿದದ್ದನ್ನು ಮಾತ್ರ ಹಿಡಿದು ಗೇಟಿಗೆ ನಡೆಯುತ್ತಿದ್ದಳು. ಅಲ್ಲಿ ಗಂಡ ಬರಮಪ್ಪ ಕಾಯುತ್ತಿರುತ್ತಿದ್ದ.

“ಇಷ್ಟ ಏನ?”

“ಕಟ್ ಆಗೇತಿ. ಪಿ.ಎಫ್. ಹಿಡೀತಾರ, ಇ.ಎಸ್.ಐ. ಹಿಡೀತಾರ. ನಾ ಏನ್ ಮಾಡ್ಲಿ?”

ಕಟ್ ಆಗುವುದು ನಿಜವೇ. ಮುಪ್ಪಿಗೆಂದು ಒಂದು, ಜಡ್ಡು ಕಾಯಿಲೆಗೆಂದು ಇನ್ನೊಂದು. ಪಂತರೇ ಅವಳಿಗೆ ಬಿಡಿಸಿ ಹೇಳಿದ್ದರು. ಆದರೆ ಮೇಜಿನಿಂದ ಗೇಟಿಗೆ ಹೋಗುವಷ್ಟರಲ್ಲಿ ಆ ಕಟ್ ಸ್ವಲ್ಪ ಬೆಳೆಯುತ್ತಿತ್ತು. ಬೆಳೆದ ಆ ಭಾಗದಲ್ಲೇ ಮಗಳು ಕಸ್ತೂರಿಯ ಓದು ನಡೆಯುತ್ತಿತ್ತು. ಬರಮಪ್ಪ ದುಷ್ಟನಲ್ಲ. ಕೈಗೆ ಬಂದ ದುಡ್ಡು ಇಸ್ಪೀಟಿಗೆ ಹೋಗುತ್ತಿತ್ತು, ಅಷ್ಟೇ. ಹುಡುಗಿ ಹತ್ತನೇ ತರಗತಿ ಮುಗಿಸಿ ಅವ್ವನ ಜೊತೆ ಬಿಸ್ಕಿಟ್ ತುಂಬಲಿ ಎನ್ನುವವನು. ಮುಂದೆ ಕಾಲೇಜಿಗೆ ಹೋದಾಗ ಸ್ಕಾಲರ್‌ಶಿಪ್ ಬರುತ್ತಿದೆ ಎಂದುಕೊಂಡು ಸುಮ್ಮನಿದ್ದ.

ಒಂದು ದಿನ ಬ್ಯಾಂಕಿನವರು ಬಂದರು. ಇನ್ನು ಮೇಲೆ ಪಗಾರ ನೇರ ಖಾತೆಗೆ ಬೀಳುತ್ತದೆಯಂತೆ. ಅರ್ಜಿಯಲ್ಲಿ ಬರೆಯಲು ಮೊಬೈಲ್ ನಂಬರ್ ಕೇಳಿದರು. ಹೆಂಗಸರ ಹತ್ತಿರ ಮೊಬೈಲ್ ಎಲ್ಲಿತ್ತು? ಒಬ್ಬಳ ಹಿಂದೆ ಒಬ್ಬಳು ಗಂಡನ ನಂಬರ್ ಬರೆಸಿದರು. ಫಕ್ಕೀರವ್ವನೂ ಬರೆಸಿದಳು. ಯಾರಿಗೂ ಅದು ತಪ್ಪೆನಿಸಲಿಲ್ಲ.

ಮುಂದಿನ ಪಗಾರಕ್ಕೆ ಬರಮಪ್ಪನ ಜೇಬಿನಲ್ಲಿ ಮೊಬೈಲ್ ಟಿಣ್ ಎಂದಿತು. ಮರುದಿನ ಫಕ್ಕೀರವ್ವ ಪಂತರೆದುರು ಬಂದು ನಿಂತಳು.

“ಪೈಸಾ ಸಮೇತ ಬರದ್ ಬಂದೈತ್ರಿ ಅವನ ಮೊಬೈಲಿಗೆ. ಎ.ಟಿ.ಎಮ್ ಕಾರ್ಡೂ ಇಸ್ಕೊಂಡಾನ. ಕಸ್ತೂರಿಗೆ ನರ್ಸಿಂಗ್ ಸೀಟ್ ಸಿಕ್ಕೈತಿ, ಫೀ ಎಲ್ಲಿಂದ ತುಂಬ್ಲಿ?”

ಮೇಜಿನ ಕೆಳಗಿದ್ದ ನನಗೆ ಮೈಯೆಲ್ಲ ಉರಿಯಿತು. ಆ ಅಂಗೈಯಗಲದ ಮೊಬೈಲು! ಹೊಟ್ಟೆಯಲ್ಲಿ ಒಂದು ನೋಟಿಲ್ಲ, ಬಾಯಿಗೊಂದು ಚಿಲಕವಿಲ್ಲ. ಆದರೂ ಜನ ಅದನ್ನೇ ಎದೆಯ ಜೇಬಿನಲ್ಲಿ ಇಟ್ಟುಕೊಳ್ಳುವುದು, ಅದನ್ನೇ ಸವರುವುದು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಎಷ್ಟು ವರ್ಷ ನಾನು ಬಾಯಿಬಿಡದೆ ಕುಳಿತಿದ್ದೆ! ಅದು ಬಂದ ಮೊದಲ ತಿಂಗಳೇ ಎಲ್ಲ ಒದರಿಬಿಟ್ಟಿತು.

“ನಂಬರ್ ಬದಲ ಮಾಡ್ಸು,” ಎಂದರು ಪಂತರು.

“ಮಾಡಿಸಿದ್ರ ಮನ್ಯಾಗ ನನ್ನ ಉಳಸ್ತಾನೇನ್ರಿ?”

ಪಂತರು ಕನ್ನಡಕ ತೆಗೆದು ಒರೆಸಿದರು. “ಹಂಗಾರ ನಮ್ಮ ಕಾರ್ಮಿಕರ ಸೊಸೈಟಿಗೆ ಮೆಂಬರ್ ಆಗು. ತಿಂಗಳಾ ಇಷ್ಟು ಉಳಿತಾಯ ಅಂತ ಬರಸು. ಬ್ಯಾಂಕಿಗೆ ಹೋಗೋಕಿಂತ ಮೊದಲ ಇಲ್ಲೇ ಕಟ್ ಮಾಡತೇವಿ. ಫೀ ತುಂಬಲಿಕ್ಕೆ ಸಾಲಾನೂ ಸಿಗತದ.”

ಅವಳು ಅಂದೇ ಹೆಬ್ಬೆಟ್ಟು ಒತ್ತಿದಳು. ಮುಂದಿನ ತಿಂಗಳು ಬರಮಪ್ಪ ಮೊಬೈಲ್ ಹಿಡಿದು ಆಫೀಸಿಗೇ ಬಂದ. “ಯಾಕ್ರೀ ಸಾಹೇಬ್ರ, ಪಗಾರ ಕಮ್ಮಿ ಬಂದೈತಿ?”

“ಕಟ್ ಆಗೇದ,” ಎಂದರು ಪಂತರು, ತಲೆ ಎತ್ತದೆ.

ಅವಳ ಕೆಲಸವೇನೋ ಆಯಿತು. ನನ್ನನ್ನು ಕೇಳುವವರಿಲ್ಲ. ನನ್ನೊಳಗೆ ಪಂತರ ಹಳೆಯ ಚಪ್ಪಲಿ ಬಂದು ಸೇರಿದವು. ಆ ಸೊಸೈಟಿಯ ಮೇಲೂ ನನಗೆ ಹೊಟ್ಟೆಕಿಚ್ಚೇ. ಪಂತರು ನಿವೃತ್ತರಾಗುವ ವಾರ ಗುಜರಿಯವನು ಬಾಗಿಲಿಗೆ ಬಂದ. ಅವರು ನನ್ನನ್ನು ಅವನಿಗೆ ಕೊಡದೆ ಫಕ್ಕೀರವ್ವನನ್ನು ಕರೆಸಿದರು. “ಮಗಳು ಹಾಸ್ಟೆಲಿಗೆ ಹೊಂಟಾಳಲ್ಲ, ಒಯ್ಯಿ,” ಎಂದರು.

ಕಸ್ತೂರಿಯ ಬಿಳಿ ಬಟ್ಟೆ ತುಂಬಿಕೊಂಡು ನಾನು ಬಸ್ಸು ಹತ್ತಿದೆ. ಗುಲಾಬಿಯವಳೇ, ನೀನೊಬ್ಬಳೇ ಅಲ್ಲ, ನಾನೂ ಒಂದು ಹುಡುಗಿಯನ್ನು ಮನೆಯಿಂದ ಕರೆದುಕೊಂಡು ಹೊರಟೆ! ಆದರೆ ಹಾಸ್ಟೆಲಿನಲ್ಲಿ ಉಳಿದವರದೆಲ್ಲ ಗಾಲಿಯ ಸೂಟ್‌ಕೇಸು. ಸಾಲದ್ದಕ್ಕೆ ಕಸ್ತೂರಿಗೂ ಒಂದು ಮೊಬೈಲ್ ಬಂತು. ಚಾರ್ಜಿಗೆಂದು ಅದನ್ನು ದಿನಾ ನನ್ನ ತಲೆಯ ಮೇಲೆಯೇ ಇಡುತ್ತಿದ್ದಳು. ಆ ಅವಮಾನ ಯಾರ ಮುಂದೆ ಹೇಳಲಿ?

ಈಗ ನನಗೆ ತುಕ್ಕು ಹಿಡಿದಿದೆ, ಚಿಲಕ ಸಡಿಲಾಗಿದೆ. ಕಸ್ತೂರಿ ದವಾಖಾನೆಯಲ್ಲಿ ನರ್ಸ್. ಮೊನ್ನೆ ಅವಳ ಮೊದಲ ಪಗಾರ ಬಿತ್ತು. ನನ್ನ ತಲೆಯ ಮೇಲೆಯೇ ಟಿಣ್ ಎಂದಿತು, ಅವಳದೇ ನಂಬರಿಗೆ. ಸಂಜೆ ಅವಳು ಎ.ಟಿ.ಎಮ್ಮಿಗೆ ಹೋಗಿ ಬಂದು ಕೂರುವಷ್ಟರಲ್ಲಿ ಅಪ್ಪನ ಫೋನು.

“ಎಷ್ಟ ಬಂತವಾ ಪಗಾರ?”

ಕಸ್ತೂರಿ ನನ್ನ ಮುಚ್ಚಳದ ಮೇಲೆ ಕೈಯಿಟ್ಟು ಒಂದು ಸಣ್ಣ ಮೊತ್ತ ಹೇಳಿದಳು.

“ಇಷ್ಟ ಏನ?”

“ಕಟ್ ಆಗೇತಿ ಅಪ್ಪಾ.”

ಅತ್ತ ಕಡೆಯಿಂದ, ದೂರದಲ್ಲಿ, ಫಕ್ಕೀರವ್ವನ ದನಿ ಕೇಳಿತು. “ಹೌದ, ಮೊದಲ್ನೇ ತಿಂಗಳ ಭಾಳ ಕಟ್ ಆಕ್ಕೈತಿ.”

ಕಸ್ತೂರಿ ನಗು ತಡೆಯುತ್ತ ಫೋನಿಟ್ಟಳು. ಮೊಬೈಲನ್ನು ಹಾಸಿಗೆಯ ಮೇಲೆ ಎಸೆದು, ನನ್ನ ಮುಚ್ಚಳ ತೆಗೆದು, ಹಳೆಯ ಬಿಳಿ ಬಟ್ಟೆಯ ಕೆಳಗೆ ಒಂದಿಷ್ಟು ನೋಟು ಇಟ್ಟಳು.

ಎಷ್ಟು ಎಂದು ನಾನು ಹೇಳುವುದಿಲ್ಲ.