ಎರಡು ಅವಧಿಯ ಯಜಮಾನರು

ತಾರಾನಾಥ ಆಳ್ವರು ನಡೆಯುವಾಗ ತಮ್ಮ ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡಿರುತ್ತಾರೆ. ಬಿಜೈ ಬಸ್ ನಿಲ್ದಾಣದ ಹಿಂಬದಿಯ ಇಳಿಜಾರಿನಲ್ಲಿ ಸಂಜೆಯ ಹೊತ್ತು, ತುಸು ಮುಂದಕ್ಕೆ ಬಾಗಿ, ಪ್ರತಿ ಹೆಜ್ಜೆಗೂ ನೆಲದ ಅನುಮತಿ ಕೇಳುವವರಂತೆ ಇಳಿದು ಬರುವ ಆ ನೀಳ ಆಕೃತಿಯನ್ನು ಹಿಂದಿನಿಂದ ಕಂಡವರಿಗೆ, ಯಾರನ್ನೋ ಹಿಡಿದು ಠಾಣೆಗೆ ಒಯ್ಯುತ್ತಿದ್ದಾರೆ, ಹಿಡಿದವನೂ ಸಿಕ್ಕಿಬಿದ್ದವನೂ ಒಬ್ಬನೇ ಎಂಬ ಭ್ರಮೆ ಹುಟ್ಟುತ್ತದೆ. ಎದುರಿಗೆ ಬಂದವರು ನಮಸ್ಕರಿಸಿದರೆ ಮಾತ್ರ ಆ ಕೈ ಬಿಡುಗಡೆಯಾಗುತ್ತದೆ. ನಮಸ್ಕಾರ ಮುಗಿದೊಡನೆ ಮತ್ತೆ ಬಂಧನಕ್ಕೆ ಮರಳುತ್ತದೆ.

ಈ ನಗರದ ಒಂದು ಕಾಲೇಜಿನಲ್ಲಿ ಅವರು ರಾಜ್ಯಶಾಸ್ತ್ರವನ್ನೂ ನಾನು ಕನ್ನಡವನ್ನೂ ಕಲಿಸಿಕೊಂಡು, ಒಂದೇ ಮೇಜಿನ ಎರಡು ಬದಿಗಳಲ್ಲಿ ಕುಳಿತು ಮುದುಕರಾದೆವು. ಭಾನುವಾರಗಳಲ್ಲಿ ನಾನು ನಮ್ಮ ಕ್ರೈಸ್ತ ಸಭೆಯಲ್ಲಿ ದೇವರ ವಾಕ್ಯದ ಮೇಲೆ ಮಾತಾಡುವವನು. ಪಾದ್ರಿಯಲ್ಲ, ಕರೆ ಬಂದಲ್ಲಿಗೆ ಹೋಗಿ ನಾಲ್ಕು ಮಾತು ಹೇಳಿ ಬರುವ ಸಾಮಾನ್ಯ ಭಕ್ತ. ಆದ್ದರಿಂದ ಆಳ್ವರು ನನ್ನನ್ನು ‘ಉಪದೇಶಿಗಳೇ’ ಎಂದು ಅರ್ಧ ಗೌರವದಿಂದಲೂ ಅರ್ಧ ಚೇಷ್ಟೆಯಿಂದಲೂ ಕರೆಯುತ್ತಾರೆ. ಅವರ ಉಪಾಸನೆಯ ವಿಷಯವೇ ಬೇರೆ. ಅಮೆರಿಕದ ರಾಷ್ಟ್ರೀಯ ಸರಕಾರದ ರಚನೆ ಮತ್ತು ತತ್ತ್ವಗಳು ಎಂಬ ಒಂದು ಪತ್ರಿಕೆಯನ್ನು ಅವರು ಸೇವಾವಧಿಯುದ್ದಕ್ಕೂ ಬೋಧಿಸಿದರು. ಕೊನೆಗೊಂದು ವರ್ಷ ಪಠ್ಯಕ್ರಮದಿಂದ ಆ ಪತ್ರಿಕೆಯೇ ಬಿದ್ದುಹೋಯಿತು. ವಿದ್ಯಾರ್ಥಿಗಳು ನಿಟ್ಟುಸಿರು ಬಿಟ್ಟರು, ಸಹೋದ್ಯೋಗಿಗಳು ಮರೆತರು, ಆಳ್ವರು ಮಾತ್ರ ಏನೂ ಸಂಭವಿಸದಂತೆ ಓದನ್ನು ಮುಂದುವರಿಸಿದರು. ಶನಿವಾರ ಸಂಜೆ ಬಸ್ ನಿಲ್ದಾಣದ ಬಳಿಯ ತಮ್ಮ ಮನೆಯ ಜಗಲಿಯಲ್ಲಿ ಉಚಿತ ಪಾಠವನ್ನೂ ಆರಂಭಿಸಿದರು. ಮೊದಮೊದಲು ಸರಕಾರಿ ಪರೀಕ್ಷೆಗೆ ಕೂರುವ ಕೆಲವು ಮಂದಿ ಬಂದರು. ಈ ವಿಷಯಕ್ಕೆ ಅಂಕವಿಲ್ಲವೆಂದು ತಿಳಿದ ಮೇಲೆ ಅವರೂ ಕರಗಿದರು. ಉಳಿದ ಏಕಮಾತ್ರ ವಿದ್ಯಾರ್ಥಿ ನಾನು.

“ಇಷ್ಟೆಲ್ಲ ಓದಿದ್ದೀರಿ, ಒಮ್ಮೆಯಾದರೂ ಅಮೆರಿಕಕ್ಕೆ ಹೋಗ್ಲಿಲ್ವಾ ಮಾಮ?” ಎಂದು ಅವರ ತಂಗಿಯ ಮಗ ಶೋಭಿತ್ ಒಮ್ಮೆ ನನ್ನೆದುರಿಗೇ ಕೆಣಕಿದ.

“ಪಂಚಾಂಗ ಬರೆಯುವವ ಶನಿಗ್ರಹಕ್ಕೆ ಹೋಗಿ ಬಂದಿರ್ಬೇಕು ಅಂತ ಉಂಟಾ ಮಾರಾಯ?” ಎಂದರು ಆಳ್ವರು.

ಅವರ ಪಾಠದ ಸಾರ ಸರಳವಾದುದು. ಶಾಸನ ಮಾಡುವವನು ಒಬ್ಬ, ನಡೆಸುವವನು ಇನ್ನೊಬ್ಬ, ಅದನ್ನು ತೂಗಿ ನೋಡುವವನು ಮೂರನೆಯವ. ಒಬ್ಬೊಬ್ಬನ ಜುಟ್ಟೂ ಮತ್ತೊಬ್ಬನ ಕೈಯಲ್ಲಿ. ಇದನ್ನು ವಿವರಿಸುವಾಗ ಅವರ ಕಂಠದಲ್ಲಿ ನಮ್ಮ ಪ್ರಾರ್ಥನಾಸಭೆಗಳಲ್ಲಿ ಮಾತ್ರ ಕೇಳಿಸುವಂಥ ಒಂದು ಕಂಪನ ಇರುತ್ತಿತ್ತು. “ನಿಮ್ಮ ವಾಕ್ಯದಲ್ಲಿ ಮನುಷ್ಯ ಪಾಪದಲ್ಲಿ ಬಿದ್ದವ ಅಂತ ಉಂಟಲ್ಲ ಉಪದೇಶಿಗಳೇ, ಅಮೆರಿಕದ ಸಂವಿಧಾನ ಬರೆದ ಆ ಪುಣ್ಯಾತ್ಮರು ಅದನ್ನು ನಂಬಿಯೇ ಸರಕಾರ ಕಟ್ಟಿದ್ದು. ನೀವು ಬಿದ್ದವನನ್ನು ಎಬ್ಬಿಸ್ಲಿಕ್ಕೆ ನೋಡ್ತೀರಿ. ಅವರು, ಬಿದ್ದವ ಇನ್ನೊಬ್ಬನ ಮೇಲೆ ಬೀಳದ ಹಾಗೆ ನೋಡಿಕೊಂಡರು. ಅಷ್ಟೇ ವ್ಯತ್ಯಾಸ.”

ಆ ಪುಣ್ಯಾತ್ಮರಲ್ಲಿ ಹಲವರು ಮನುಷ್ಯರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದರಲ್ಲವೇ ಎಂದು ನಾನು ಒಂದು ದಿನ ಕೇಳಿದೆ. ನಿಲ್ದಾಣದ ಧ್ವನಿವರ್ಧಕ ಸುಬ್ರಹ್ಮಣ್ಯದ ಬಸ್ಸನ್ನು ಕರೆದು, ಕಾರ್ಕಳದ ಬಸ್ಸನ್ನು ಕರೆದು ಸುಮ್ಮನಾದ ಮೇಲೆ, “ಹೌದು. ಅದಕ್ಕೇ ಬರೆದವರನ್ನೂ ನಂಬಬಾರದು,” ಎಂದರು.

ಅವರ ಪತ್ನಿ ಕುಶಲಾ ಅವರಿಗೆ ಈ ತತ್ತ್ವಜ್ಞಾನದ ಮೇಲೆ ಅಷ್ಟೇನೂ ಗೌರವವಿರಲಿಲ್ಲ. ಏನೇ ಕೇಳಿದರೂ “ಅದು ಯಾರ ಅಧಿಕಾರ?” ಎಂದು ಮರುಪ್ರಶ್ನೆ ಹಾಕುವ ಗಂಡ, ಸಾರಿಗೆ ಉಪ್ಪು ಸಾಕೇ ಎಂದರೆ “ಅಡುಗೆಮನೆ ನನ್ನ ವ್ಯಾಪ್ತಿಗೆ ಬರುವುದಿಲ್ಲ” ಎಂದು ಸಪ್ಪೆಸಾರನ್ನೇ ಉಂಡೇಳುವ ಗಂಡ. “ಈ ಮನೆಯಲ್ಲಿ ಇಡೀ ಅಮೆರಿಕ ಉಂಟು ಉಪದೇಶಿಗಳೇ, ಒಗ್ಗರಣೆಗೆ ನಾಲ್ಕೆಸಳು ಬೇವುಸೊಪ್ಪು ಮಾತ್ರ ಇಲ್ಲ,” ಎಂದು ಆಕೆ ನಗುತ್ತಿದ್ದರು. ಆ ದಂಪತಿಗೆ ಮಕ್ಕಳಿರಲಿಲ್ಲ. ಆಕೆಯ ನಗುವೇ ಆ ಮನೆಯ ಜನಸಂಖ್ಯೆಯಾಗಿತ್ತು.

ಆಳ್ವರ ವಿದ್ಯೆ ಜಗಲಿಯಿಂದ ಇಳಿದು ಲೋಕವನ್ನು ಮುಟ್ಟಿದ್ದು ಒಮ್ಮೆ ಮಾತ್ರ. ಅದು ಅವರ ಕುಟುಂಬದ ವ್ಯವಹಾರದಲ್ಲಿ. ತಾಯಿಯ ಕಡೆಯಿಂದ ಬಳ್ಳಿ ಹಿಡಿಯುವ ಈ ಬಂಟ ಮನೆತನಗಳಲ್ಲಿ ಒಬ್ಬೊಬ್ಬ ಅಜ್ಜಿಯಿಂದ ಇಳಿದ ಕವಲಿಗೆ ಕವರು ಎಂದು ಹೆಸರು. ಅವರ ಕುಟುಂಬದಲ್ಲಿ ನಾಲ್ಕು ಕವರುಗಳು. ಒಂದು ಕವರಿನಲ್ಲಿ ಹೊಟೇಲು, ಸಾರಿಗೆ, ಗುತ್ತಿಗೆ ಎಂದು ಬೆಳೆದ ನೂರಾರು ಮಂದಿ. ಇನ್ನೊಂದರಲ್ಲಿ ಒಬ್ಬ ವಿಧವೆ ತಾಯಿ, ಆಕೆಯ ಮಗಳು ಸಂಚಿತಾ, ಅಷ್ಟೇ. ಕುಟುಂಬದ ದೈವಸ್ಥಾನವನ್ನು ಯಾರು ನಡೆಸಬೇಕು, ಪರ್ವದ ದಿನ ಯಾರು ನಿಶ್ಚಯಿಸಬೇಕು ಎಂಬ ಜಗಳ ಕೋರ್ಟಿನ ಮೆಟ್ಟಿಲಿನವರೆಗೆ ಹೋದಾಗ, ಆಳ್ವರು ಒಂದು ಬೇಸಗೆ ರಜೆಯಿಡೀ ಕುಳಿತು ಕುಟುಂಬಕ್ಕೊಂದು ನಿಬಂಧನೆ ಬರೆದರು. ಅದರಲ್ಲಿ ಎರಡು ಸಭೆಗಳು: ಒಂದಕ್ಕೆ ತಲೆಯೆಣಿಕೆಯಂತೆ ಸದಸ್ಯರು, ಇನ್ನೊಂದಕ್ಕೆ ಪ್ರತಿ ಕವರಿನಿಂದಲೂ ಸಮನಾಗಿ ಇಬ್ಬರು. ಎರಡೂ ಒಪ್ಪಿದರೆ ಮಾತ್ರ ನಿರ್ಣಯ. ಯಜಮಾನ ಆಯ್ಕೆಯಾಗಿ ಬರಬೇಕು, ನಾಲ್ಕು ವರ್ಷದ ಅವಧಿ, ಎರಡು ಅವಧಿಗಿಂತ ಹೆಚ್ಚು ಯಾರೂ ಇರಕೂಡದು. ದೈವದ ಹೆಸರಿನಲ್ಲಿ ಅಮೆರಿಕದ ನಕಲನ್ನು ಮಂಡಿಸಿದ್ದಾರೆಂದು ಯಾರಿಗೂ ಅನ್ನಿಸಲಿಲ್ಲ. ಮೊದಲ ಸಭೆಯಲ್ಲೇ ಸಂಚಿತಾಳ ತಾಯಿ, “ನಮ್ಮನ್ನು ಊಟಕ್ಕೆ ಮಾತ್ರ ಕರೀತಿದ್ರು, ಮಾತಿಗೆ ಕರೆದದ್ದು ಇದೇ ಮೊದಲು,” ಎಂದು ಕಣ್ಣೊರೆಸಿಕೊಂಡರಂತೆ.

ಸಭೆ ಯಜಮಾನನ ಮನೆಯಲ್ಲೇ ಸೇರಬೇಕೆಂಬ ಹಳೆಯ ಕಟ್ಟಳೆಯನ್ನು ಆಳ್ವರು ಹೆಚ್ಚು ಯೋಚಿಸದೆ ಹಾಗೆಯೇ ಉಳಿಸಿಕೊಂಡರು. ಅವರೇ ಮೊದಲ ಯಜಮಾನರಾಗಿ ಆಯ್ಕೆಯಾದರು. ಮೊದಲ ಅವಧಿ ಮುಗಿಯುವ ಮುನ್ನವೇ ಕುಶಲಾ ತೀರಿಕೊಂಡರು. ಆಮೇಲೆ ಆ ಮನೆಯಲ್ಲಿ ಮನುಷ್ಯಸ್ವರವೆಂದರೆ ಶನಿವಾರ ನನ್ನದು, ಉಳಿದ ದಿನ ಬಸ್ ನಿಲ್ದಾಣದ ಧ್ವನಿವರ್ಧಕದ್ದು, ಮತ್ತು ಎರಡು ತಿಂಗಳಿಗೊಮ್ಮೆ ಕುಟುಂಬದ್ದು. ಆ ಒಂದು ಭಾನುವಾರ ಮಾತ್ರ ಅಂಗಳದ ತುಂಬ ಚಪ್ಪಲಿಗಳು, ಹೊಸ್ತಿಲಲ್ಲಿ “ಬಲೆ, ಬಲೆ” ಎಂಬ ತುಳು ಸ್ವಾಗತ, ಚಾವಡಿಯಲ್ಲಿ ದೊಡ್ಡ ಸಭೆ, ಊಟದ ಕೋಣೆಯಲ್ಲಿ ಸಣ್ಣ ಸಭೆ, ಎರಡರ ನಡುವೆ ಓಡಿ ಸುಸ್ತಾಗುವ ಮಕ್ಕಳು. ಆಳ್ವರು ಬೆವರು ಇಳಿಯುವ ಸೆಕೆಯಲ್ಲೂ ಬೂದುಬಣ್ಣದ ಕೋಟು ತೊಟ್ಟು ನಡುವೆ ಕುಳಿತಿರುತ್ತಿದ್ದರು. ಸ್ವಂತ ಅಭಿಪ್ರಾಯ ಹೇಳಬೇಕಾದಾಗ ಎದ್ದು ಕೋಟನ್ನು ಕಳಚಿ ಕುರ್ಚಿಯ ಬೆನ್ನಿಗೆ ತೂಗುಹಾಕಿ, “ಈಗ ಮಾತಾಡುವವ ತಾರಾನಾಥ, ಯಜಮಾನ ಅಲ್ಲ” ಎಂದು ಹೇಳಿ, ಮಾತು ಮುಗಿಸಿ ಮತ್ತೆ ತೊಡುತ್ತಿದ್ದರು. ಮಕ್ಕಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದವು. ಆ ನಗುವನ್ನು ಕೇಳಲೆಂದೇ ಅವರು ಅಷ್ಟು ಸಲ ಕೋಟು ಕಳಚುತ್ತಿದ್ದರೇನೋ ಎಂಬುದು ನನ್ನ ಗುಮಾನಿ.

ಎರಡನೆಯ ಅವಧಿಯ ಕೊನೆಯ ಸಭೆಗೆ ಸಾಕ್ಷಿಯಾಗಿ ನನ್ನನ್ನೂ ಕರೆದಿದ್ದರು. ಕುಟುಂಬಕ್ಕೆ ಅವರನ್ನು ಬಿಡುವ ಮನಸ್ಸಿರಲಿಲ್ಲ. ಎರಡು ಅವಧಿಯ ಮಿತಿಯನ್ನೇ ತೆಗೆದುಹಾಕುವ ತಿದ್ದುಪಡಿಯನ್ನು ಶೋಭಿತ್ ಮಂಡಿಸಿದ. ಚಾವಡಿಯಲ್ಲಿ ಎಲ್ಲ ಕೈಗಳೂ ಎದ್ದವು. ಊಟದ ಕೋಣೆಯಲ್ಲಿ ನಾಲ್ಕು ಕವರುಗಳೂ ಒಪ್ಪಿದವು, ಸಂಚಿತಾಳೇ ಓಡಿಬಂದು “ಪಾಸಾಯ್ತು!” ಎಂದಳು. ಚಪ್ಪಾಳೆಯ ನಡುವೆ ಆಳ್ವರು ಎದ್ದು ನಿಂತರು. ಅವರ ಮುಖ ಹಸುಗೂಸಿನ ಮುಖದಂತೆ ಅರಳಿತ್ತು; ಅದನ್ನು ನಾನು ಕಣ್ಣಾರೆ ಕಂಡೆ. ಅನಂತರ ಅದು ಮೆಲ್ಲಮೆಲ್ಲನೆ ಮುಚ್ಚಿಕೊಂಡದ್ದನ್ನೂ ಕಂಡೆ.

“ತಿದ್ದುಪಡಿ ತಡೆಯುವ ಅಧಿಕಾರ ಯಜಮಾನನಿಗೆ ಇಲ್ಲ. ನೀವು ಮಾಡಿದ್ದು ಕ್ರಮಬದ್ಧ,” ಎಂದರು. “ಆದರೆ ಚುನಾವಣೆಗೆ ನಿಲ್ಲುವುದು ಬಿಡುವುದು ನನ್ನದು. ನಾನು ನಿಲ್ಲುವುದಿಲ್ಲ.”

“ಎಂತ ಮಾಮ! ಈಗ ರೂಲೇ ಇಲ್ವಲ್ಲ!” ಎಂದ ಶೋಭಿತ್.

“ರೂಲ್ ಆ ದೇಶದಲ್ಲಿಯೂ ಮೊದಲು ಇರ್ಲಿಲ್ಲ ಮಗಾ. ಮೊದಲನೆಯ ಅಧ್ಯಕ್ಷ ಎರಡು ಅವಧಿ ಮುಗಿಸಿ ತಾನಾಗಿ ಮನೆಗೆ ಹೋದ. ನೂರೈವತ್ತು ವರ್ಷ ಅದು ಬರೀ ಮರ್ಯಾದೆ. ಆ ಮರ್ಯಾದೆ ಮುರಿದ ಮೇಲೆಯೇ ಅದನ್ನು ಕಾನೂನು ಮಾಡಿದ್ದು. ನೀವು ಕಾನೂನು ತೆಗೆದಿರಿ, ಸರಿ. ಮರ್ಯಾದೆ ಉಳಿಯಿತಲ್ಲ.”

ತಂಗಿ ಆಶಾಲತಾ ಅವರ ಸಹನೆ ಅಲ್ಲಿಗೆ ಮುಗಿಯಿತು. “ನಿನಗೆ ಅಮೆರಿಕ ದೊಡ್ಡದಾ ಅಣ್ಣ, ನಾವು ದೊಡ್ಡವರಾ? ಅತ್ತಿಗೆ ಹೋದ ಮೇಲೆ ಈ ಮನೆಗೆ ಜನ ಬರುವುದೇ ಇದೊಂದರಿಂದ. ಅದು ಗೊತ್ತಿದ್ದೇ ನಾವು ಇಷ್ಟೆಲ್ಲ ಮಾಡಿದ್ದು.”

ಆ ಮಾತನ್ನು ಆಕೆ ಆಡಬಾರದಿತ್ತೋ ಏನೋ. ಅಥವಾ, ಪ್ರೀತಿಯಿಂದ ಹುಟ್ಟಿದ ಮಾತಿಗೆ ಸಮಯಾಸಮಯ ನೋಡುವುದು ನನ್ನದೇ ತಪ್ಪು. ಆಳ್ವರು ಕೋಟನ್ನು ಕಳಚಿದರು. ಎಲ್ಲರೂ ಅಭ್ಯಾಸದಂತೆ ಮಾತಿಗೆ ಕಾದರು. ಅವರು ಮಾತಾಡಲಿಲ್ಲ.

ಶೋಭಿತ್ ಯಜಮಾನನಾದ. ಕಟ್ಟಳೆಯಂತೆ ಸಭೆಗಳು ನಂತೂರಿನ ಕಡೆಯ ಅವನ ಹೊಸ ಫ್ಲ್ಯಾಟಿಗೆ ಹೋದವು. ಮೊದಲ ಕೆಲವು ವಾರ ಅವನು ಸಣ್ಣ ಸಣ್ಣ ವಿಷಯಕ್ಕೂ ಫೋನ್ ಮಾಡುತ್ತಿದ್ದ: ಪರ್ವಕ್ಕೆ ಯಾವ ದಿನ ಆದೀತು, ಅರ್ಚಕರನ್ನು ಯಾರು ಕರೆಯಬೇಕು. ಒಂದು ಶನಿವಾರ ನನ್ನೆದುರಿಗೇ ಅಂಥ ಕರೆ ಬಂತು. ಆಳ್ವರು ತಾಳ್ಮೆಯಿಂದ ಪೂರ್ತಿ ಕೇಳಿ, “ಅದು ಈಗ ನಿನ್ನ ಅಧಿಕಾರ ಮಗಾ, ನಾನು ಹೇಳ್ಲಿಕ್ಕಾಗುವುದಿಲ್ಲ,” ಎಂದು ಫೋನ್ ಇಟ್ಟರು. ಕರೆಗಳು ವಿರಳವಾದವು, ಆಮೇಲೆ ನಿಂತವು. ಹುಡುಗ ಸಲಹೆಗಾಗಿ ಮಾಡುತ್ತಿರಲಿಲ್ಲ, ಆ ಮನೆಯಲ್ಲೊಂದು ದನಿ ಕೇಳಿಸಲೆಂದು ಮಾಡುತ್ತಿದ್ದ. ಆಳ್ವರಿಗೆ ಅದು ತಿಳಿಯಲಿಲ್ಲವೆಂದು ಹೇಳಲು ನನಗೆ ಧೈರ್ಯವಿಲ್ಲ.

ಹೊಸ ಯಜಮಾನನ ಸಭೆ ನಡೆಯುತ್ತಿದ್ದ ಒಂದು ಭಾನುವಾರ, ಆರಾಧನೆ ಮುಗಿಸಿ ನೇರವಾಗಿ ಅವರ ಮನೆಗೆ ಹೋದೆ. ಅವರು ಜಗಲಿಯಲ್ಲಿ ಒಬ್ಬರೇ ಕುಳಿತಿದ್ದರು. ಮಡಿಲಲ್ಲಿ ಆ ದೇಶದ ನ್ಯಾಯಾಂಗದ ಬಗೆಗಿನ ದಪ್ಪ ಪುಸ್ತಕವೊಂದು ತೆರೆದಿತ್ತು.

“ಸಾಮಾನ್ಯ ಸದಸ್ಯರಾಗಿ ಹೋಗಿ ಕೂರಬಹುದಿತ್ತಲ್ಲ ಆಳ್ವರೇ?” ಎಂದೆ.

“ಹೋಗಬಹುದು. ನಾನು ಹೋಗಿ ಮೂಲೆಯಲ್ಲಿ ಕೂತರೂ ಎಲ್ಲರೂ ನನ್ನ ಮುಖವೇ ನೋಡ್ತಾರೆ. ಪಾಪ, ಹುಡುಗ ಯಜಮಾನ ಆಗುವುದು ಯಾವಾಗ? ಒಂದು ವರ್ಷ ಹೋಗ್ಲಿ.”

“ಇಷ್ಟು ಕಠಿಣ ಯಾಕೆ? ನಿಮ್ಮಂಥವರ ಮೇಲೆ ಯಾರಿಗೆ ಸಂಶಯ ಇತ್ತು?”

ಅವರು ಪುಸ್ತಕ ಮುಚ್ಚಿದರು. “ನನಗೆ ಇತ್ತು. ಆ ದಿನ ಚಪ್ಪಾಳೆ ಹೊಡೆದಾಗ ನನಗೆ ಎಷ್ಟು ಬೇಕನ್ನಿಸಿತು ಅಂತ ನಿಮಗೆ ಗೊತ್ತಿಲ್ಲ ಉಪದೇಶಿಗಳೇ. ಆ ಮಕ್ಕಳು, ಆ ಗಲಾಟೆ. ಇನ್ನು ನಾಲ್ಕು ವರ್ಷ, ಮತ್ತೆ ನಾಲ್ಕು ವರ್ಷ, ಸಾಯುವವರೆಗೆ. ಅಷ್ಟು ಬೇಕು ಅನ್ನುವವನ ಕೈಯಲ್ಲಿ ಅಧಿಕಾರ ಕೊಡಬಾರದು ಅಂತಲೇ ಅಲ್ವಾ ನಾನು ಇಷ್ಟು ವರ್ಷ ಪಾಠ ಮಾಡಿದ್ದು?”

ಆ ಬೆಳಿಗ್ಗೆ ನಾನು ನಮ್ಮ ಪ್ರಾರ್ಥನಾಸಭೆಯಲ್ಲಿ ತ್ಯಾಗದ ಕುರಿತು ಮುಕ್ಕಾಲು ಗಂಟೆ ನಿರರ್ಗಳವಾಗಿ ಮಾತಾಡಿ ಬಂದಿದ್ದೆ.

ಅಧಿಕಾರದ ಮೋಹವಿಲ್ಲದವನು ಅಧಿಕಾರ ಬಿಟ್ಟರೆ ನಾವು ಅವನನ್ನು ನಿಸ್ಪೃಹನೆಂದು ಹೊಗಳುತ್ತೇವೆ. ಅದರಲ್ಲಿ ಹೊಗಳುವಂಥದು ಅಷ್ಟಿಲ್ಲ, ಹಸಿವಿಲ್ಲದವನ ಉಪವಾಸದ ಹಾಗೆ. ಆಳ್ವರಂಥವರ ಕುಲ ಬೇರೆ. ಅವರಿಗೆ ಕುರ್ಚಿ ಬೇಕಿರುವುದಿಲ್ಲ, ಕುರ್ಚಿಯ ಸುತ್ತ ಬಂದು ನಿಲ್ಲುವ ಜನ ಬೇಕಿರುತ್ತಾರೆ. ಆ ಎರಡನ್ನೂ ಬೇರ್ಪಡಿಸುವ ವಿದ್ಯೆ ಯಾವ ದೇಶದ ಸಂವಿಧಾನದಲ್ಲಿಯೂ ಇಲ್ಲವಾದ್ದರಿಂದ, ಒಂದನ್ನು ಬಿಡುವಾಗ ಇನ್ನೊಂದನ್ನೂ ಬಿಟ್ಟು ಬರುತ್ತಾರೆ. ಇಂಥವರು ತಾವಿದ್ದಲ್ಲಿ ಪ್ರಜೆಗಳಿಗೆ ನೆಮ್ಮದಿಯನ್ನೂ ಬಂಧುಗಳಿಗೆ ದುಃಖವನ್ನೂ ಸಮಪಾಲಿನಲ್ಲಿ ಹಂಚುತ್ತಾರೆ. ಅವರ ನಿಯಮ ಸಡಿಲವಾಗಲಿ ಎಂದು ನಾನು ಪ್ರಾರ್ಥಿಸುವುದಿಲ್ಲ. ಸಡಿಲಿಸಬಲ್ಲವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ನಾನು ಬೇಡುವುದು ಇಷ್ಟೇ: ಸಭೆಯಿಲ್ಲದ, ಹಬ್ಬವಿಲ್ಲದ, ಯಾವ ನಿಬಂಧನೆಯೂ ಕರೆಯದ ಒಂದು ದಿನ, ಯಾರಾದರೂ ಅವರ ಮನೆಗೆ ಸುಮ್ಮನೆ ಬರಲಿ.