ಟವೆಲ್ ಹಾಕಿದ ಸೀಟು

ಚಿತ್ತಾಪುರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ರೇವಣಸಿದ್ದನಿಗೆ ಮನೆಯಲ್ಲಿ ಮಾತು ಕಡಿಮೆ, ಮೊಬೈಲಿನಲ್ಲಿ ಮಾತ್ರ ಬಾಯಿ ದೊಡ್ಡದು. ಗೆಳೆಯರು ಸೇರಿ ಮಾಡಿಕೊಂಡಿದ್ದ ‘ಹರಟೆಕಟ್ಟೆ’ ಎಂಬ ವಾಟ್ಸ್ಯಾಪ್ ಗುಂಪಿನಲ್ಲಿ ಬೆಳಿಗ್ಗೆ ತೊಗರಿ ರೇಟಿನಿಂದ ಮಾತು ಶುರುವಾದರೆ, ಊಟದ ಹೊತ್ತಿಗೆ ದೆಹಲಿಯ ಸರ್ಕಾರ ಒಮ್ಮೆ ಬಿದ್ದು ಎದ್ದಿರುತ್ತಿತ್ತು. ಕರೆಂಟು ಹೋದದ್ದು, ಸಿಮೆಂಟಿನ ಧೂಳು, ಮದುವೆಯ ದುಂದು, ಈಗಿನ ಹುಡುಗರ ಕಟಿಂಗು, ಯಾವುದನ್ನೂ ಕಟ್ಟೆಯವರು ಬಿಡುತ್ತಿರಲಿಲ್ಲ. ಎಲ್ಲರೂ ಉದ್ದುದ್ದ ಬರೆದು ಸುಸ್ತಾದ ಮೇಲೆ ರೇವಣಸಿದ್ದ ಒಂದೇ ಸಾಲು ಒಗೆಯುತ್ತಿದ್ದ. ನಗುವ ಮುಖಗಳು ದಬದಬ ಬೀಳುತ್ತಿದ್ದವು. ಆ ನಗುವಿನ ಚಟ ಅವನಿಗೆ ಗುಟಕಾದ ಚಟದ ಹಾಗೆ ಹತ್ತಿಬಿಟ್ಟಿತ್ತು.

ಆ ಮಂಗಳವಾರ ಕಟ್ಟೆಯ ಮೇಲೆ ಹೆಂಗಸರ ಫ್ರೀ ಬಸ್ಸಿನ ಜಗಳ. ನರಸಪ್ಪ ಬೇಕೆನ್ನುತ್ತಿದ್ದ, ಬೀರಲಿಂಗ ಬೇಡವೆನ್ನುತ್ತಿದ್ದ. ತನ್ನೂರು ಭಂಕೂರದಿಂದ ಬಂದು ಚಿತ್ತಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ರೇವಣಸಿದ್ದನ ಕಣ್ಣಿಗೆ ಭಂಕೂರದ ಮೇಲೆ ಹಾದು ಕಲಬುರಗಿಗೆ ಹೊರಟ ಬಸ್ಸೊಂದು ಬಿತ್ತು. ಒಳಗೆ ಕಾಲಿಡಲು ಜಾಗವಿಲ್ಲ. ಕಿಟಕಿಗೆ ಒತ್ತಿಕೊಂಡು ಒಬ್ಬ ಮುದುಕಿ ಕೂತಿದ್ದಳು. ಬಾಜೂ ಸೀಟಿಗೆ ಟವೆಲ್ ಹಾಕಿಕೊಂಡು, ಬಂದಬಂದವರನ್ನೆಲ್ಲ ಕೈಯಾಡಿಸಿ ಸಾಗಹಾಕುತ್ತಿದ್ದಳು.

ನಮ್ಮ ಕಡೆ ಸೀಟಿನ ಮೇಲೆ ಟವೆಲ್ ಬಿತ್ತೆಂದರೆ ಮುಗಿಯಿತು, ಅದಕ್ಕೆ ಮತ್ತೆ ತಕರಾರಿಲ್ಲ. ಗಂಡಸರು ಹೊರಗಿನಿಂದಲೇ ಕಿಟಕಿಯೊಳಗೆ ಟವೆಲ್ ಎಸೆದು, ಆಮೇಲೆ ಬೀಡಿ ಸೇದಿ, ಚಹಾ ಕುಡಿದು, ಆರಾಮಾಗಿ ಹತ್ತುತ್ತಾರೆ. ರೇವಣಸಿದ್ದನೂ ಎಷ್ಟೋ ಸಲ ಎಸೆದವನೇ. ಆದರೆ ಅದನ್ನೇ ಒಬ್ಬ ಹೆಂಗಸು, ಅದೂ ಟಿಕೆಟ್ಟಿಗೆ ದುಡ್ಡು ಕೊಡದವಳು ಮಾಡಿದ್ದು ಅವನಿಗೆ ಅತಿಯಾಗಿ ಕಂಡಿತು. ಫೋಟೋ ಹೊಡೆದ. ಕೆಳಗೆ ಬರೆದ: ‘ಈಕಿಗಿ ಟಿಕೆಟ್ ಫ್ರೀ. ಈಕಿ ಟವೆಲ್‌ಗಿ ಸೀಟ್ ಫ್ರೀ.’

ಕಟ್ಟೆ ನಕ್ಕು ನಕ್ಕು ಸಾಕಾಯಿತು. ಬೇಕೆನ್ನುತ್ತಿದ್ದ ನರಸಪ್ಪನೂ ನಕ್ಕ. ಅಂದು ಸಂಜೆಯವರೆಗೂ ರೇವಣಸಿದ್ದ ಮೊಬೈಲು ತೆಗೆತೆಗೆದು ನೋಡಿದ್ದೇ ನೋಡಿದ್ದು.

ಮುಂದಿನ ಮಂಗಳವಾರ ಅವನು ಮನೆಗೆ ಬಂದಾಗ ಹೆಂಡತಿ ಭಾಗ್ಯ ಬೋರಲು ಮಲಗಿದ್ದಳು. ಅವಳಿಗೆ ಸೊಂಟದ ಆಪರೇಷನ್ ಆಗಿತ್ತು. ವಾರಕ್ಕೊಮ್ಮೆ ಕಲಬುರಗಿಯ ದವಾಖಾನೆಗೆ ಹೋಗಿ ನೋವಿಗೆಂದು ಸೊಂಟಕ್ಕೆ ಕರೆಂಟ್ ಹಚ್ಚಿಸಿಕೊಂಡು ಬರಬೇಕು. ಹೆಚ್ಚು ಹೊತ್ತು ನಿಲ್ಲಬಾರದೆಂದು ಡಾಕ್ಟರು ಹೇಳಿದ್ದರು. ಮೊದಮೊದಲು ಇವನೇ ಕರೆದುಕೊಂಡು ಹೋಗುತ್ತಿದ್ದ. ಆಮೇಲೆ ಬೇಸರವಾಗಿ, “ಹ್ಯಾಂಗೂ ಬಸ್ ಫ್ರೀ ಅದಲ್ಲ, ಒಬ್ಬಾಕಿನೇ ಹೋಗಿ ಬಾ” ಅಂದಿದ್ದ. ತುಂಬಿದ ಬಸ್ಸಿನಲ್ಲಿ ಅವಳಿಗೆ ಸೀಟು ಹೇಗೆ ಸಿಗುತ್ತದೆಂದು ಒಂದು ದಿನವೂ ಕೇಳಿರಲಿಲ್ಲ.

“ಇವತ್ತ ನಿಂತೇ ಹೋಗಿ ಬಂದೆ” ಎಂದಳು ಭಾಗ್ಯ. “ಚಿತ್ತಾಪುರದ ಅನಸುಬಾಯಿ ಅಂತ, ಪಾಪ, ಮೊಣಕಾಲಿಗಿ ಕರೆಂಟ್ ಹಚ್ಚಿಸ್ಕೊಳ್ಳಲಾಕ ಅದೇ ದವಾಖಾನಿಗಿ ಬರ್ತಾಳ. ವಾರಾ ವಾರಾ ಚಿತ್ತಾಪುರದಿಂದಾನೇ ನನಗ ಸೀಟ್ ಹಿಡಕೊಂಡು ಬರ್ತಿದ್ದಳು. ಯಾವನೋ ಫೋಟೋ ಹೊಡದು ಮಂದಿಗೆಲ್ಲಾ ಬಿಟ್ಟಾನಂತ. ಆಕಿ ಮಗ ಕಪಿಲ ಓಣ್ಯಾಗ ತಲಿ ಎತ್ತಲಾಕ ಆಗವಲ್ದು, ಇನ್ನ ಟವೆಲ್ ಹಾಕಬ್ಯಾಡ ಅಂದಾನಂತ.”

ಅವಳು ತನ್ನ ಮೊಬೈಲು ಚಾಚಿದಳು. ಎಲ್ಲೆಲ್ಲೋ ಸುತ್ತಿ ಅವಳ ತವರಿನವರ ಗುಂಪಿಗೂ ಬಂದು ಕೂತಿತ್ತು ಅವನ ಫೋಟೋ, ಅವನದೇ ಸಾಲಿನ ಸಮೇತ.

ರೇವಣಸಿದ್ದ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿ ಕಟ್ಟೆ ತೆರೆದು ಫೋಟೋ ಅಳಿಸಲು ನೋಡಿದ. ವಾರ ಕಳೆದುಹೋಗಿತ್ತು. ಎಲ್ಲರ ಮೊಬೈಲಿನಿಂದ ಅಳಿಸುವ ದಾರಿ ಮುಚ್ಚಿ, ತನ್ನೊಬ್ಬನ ಮೊಬೈಲಿನಿಂದ ಅಳಿಸುವುದಷ್ಟೇ ಉಳಿದಿತ್ತು. ಹೊರಗೆ ಬಂದು ಹೆಂಡತಿಗೆ ಹೇಳಬೇಕೆಂದುಕೊಂಡವನು, “ಮುಂದಿನ ವಾರ ನಾನೂ ಬರ್ತೀನಿ” ಎಂದಷ್ಟೇ ಅಂದ. ಭಾಗ್ಯ ಖುಷಿಯಾದಳು. ಅದು ಅವನಿಗೆ ಇನ್ನೂ ಚುಚ್ಚಿತು.

ಮುಂದಿನ ಮಂಗಳವಾರ ಭಂಕೂರದಲ್ಲಿ ಇಬ್ಬರೂ ಬಸ್ಸು ಹತ್ತಿದರು. ಅದೇ ಕಿಟಕಿ, ಅದೇ ಮುದುಕಿ. ಬಾಜೂ ಸೀಟಿನಲ್ಲಿ ಬೇರೆ ಯಾರೋ ಕೂತಿದ್ದರು. ಭಾಗ್ಯಳನ್ನು ಕಂಡದ್ದೇ ಅನಸುಬಾಯಿ ಸರಳು ಹಿಡಿದು ಮೆಲ್ಲಗೆ ಎದ್ದು ನಿಂತಳು.

“ಕುಂದ್ರು ಮಗಳೆ. ಇದು ನನ್ನ ಸೀಟು. ಇದಕ್ಕ ಯಾರೂ ಏನೂ ಅನ್ನಂಗಿಲ್ಲ.”

“ಬ್ಯಾಡ್ರಿ ಅವ್ವಾ, ನೀವು ಕುಂದ್ರಿ” ಎಂದ ರೇವಣಸಿದ್ದ. ಮುದುಕಿ ಕೇಳದೆ ಭಾಗ್ಯಳನ್ನು ಕೂರಿಸಿದಳು. ಕಲಬುರಗಿ ಬರುವವರೆಗೂ ಆಕೆ ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತೇ ಇದ್ದಳು. ಪಕ್ಕದಲ್ಲಿ ನಿಂತ ಇವನಿಗೆ ಆ ಮೊಣಕಾಲಿನ ಕಡೆ ನೋಡಲು ಧೈರ್ಯ ಬರಲಿಲ್ಲ.

ದವಾಖಾನೆಯಲ್ಲಿ ಮೂವರೂ ಒಂದೇ ಬೆಂಚಿನ ಮೇಲೆ ಕೂತು ಸರದಿ ಕಾಯುತ್ತಿದ್ದರು. ಅನಸುಬಾಯಿ ಅವನ ಕಡೆ ತಿರುಗಿದಳು.

“ಎಪ್ಪಾ, ನೀ ಕಚೇರ್ಯಾಗ ಇರಾಂವ. ಮೊಬೈಲಿನಾಗ ಬರೀಲಾಕ ಬರ್ತದ. ಆ ಫೋಟೋ ಓಡ್ಯಾಡಲಿಕತ್ತದಲ್ಲ, ಅಲ್ಲಿ ನಂದೂ ಒಂದು ಮಾತು ಹಾಕು.”

ಅವನು ಮೊಬೈಲು ತೆಗೆದ. ಹರಟೆಕಟ್ಟೆಯವರು ಟವೆಲ್ಲಿನ ಸುದ್ದಿ ಮರೆತು ಉಳ್ಳಾಗಡ್ಡಿಯ ರೇಟಿಗೆ ಬೈಯುತ್ತಿದ್ದರು.

“ಬರೀ. ನಾ ಸೊಕ್ಕಿಗಿ ಸೀಟ್ ಹಿಡದಾಕಿ ಅಲ್ಲ. ಸೊಂಟ ಆಪರೇಷನ್ ಆದ ಹೆಣ್ಮಗಳಿಗಿ ಹಿಡದಿದ್ದೆ. ಇಷ್ಟೇ ಬರೀ.” ಸ್ವಲ್ಪ ತಡೆದು ದನಿ ತಗ್ಗಿಸಿದಳು. “ಈಕಿ ಹೆಸರು ಹಾಕಬ್ಯಾಡ. ಅಂಥಾ ಹೇಣ್ತಿನ್ನ ಒಬ್ಬಾಕಿನ್ನೇ ಕಳಸ್ತಾನ ಅಂತ ಮಂದಿ ನಿನಗ ಆಡ್ಕೋತಾರ. ನಂದು ಮರ್ಯಾದಿ ಹೋಗಿದ್ದು ಸಾಕು. ನಿಂದೂ ಯಾಕ.”

ನೆಲ ಬಾಯಿ ಬಿಡಬಾರದೇ ಅನ್ನಿಸಿತು ರೇವಣಸಿದ್ದನಿಗೆ. ಮುದುಕಿ ಹೇಳಿದಂತೆ ಬರೆದ. ಅದರ ಕೆಳಗೆ ಇನ್ನೊಂದು ಸಾಲು ಬರೆದ. ಕೈ ತಡೆಯುವ ಮೊದಲೇ ಕಳಿಸಿಬಿಟ್ಟ.

“ಓದಿ ಹೇಳು, ಬರಾಬರ್ ಅದನೋ ಇಲ್ಲೋ” ಎಂದಳು ಅನಸುಬಾಯಿ.

ಅವನು ಆಕೆ ಹೇಳಿದ್ದಷ್ಟನ್ನು ಓದಿ ನಿಲ್ಲಿಸಿದ. ಬರೆಯುವುದು ಬೇರೆ, ಆಕೆಯ ಮುಖದ ಮುಂದೆ ಓದುವುದು ಬೇರೆ. ಆಕೆ ತಲೆಯಾಡಿಸಿದಳು. ಮೊಬೈಲು ಜೇಬಿಗಿಳಿಸಲು ಹೋದಾಗ, ಪಕ್ಕದಿಂದ ಪರದೆಯನ್ನೇ ನೋಡುತ್ತಿದ್ದ ಭಾಗ್ಯ ಅವನ ಕೈ ಹಿಡಿದಳು.

“ಕೆಳಗ ಇನ್ನೊಂದು ಸಾಲು ಅದರಿ. ಅದೂ ಓದ್ರಿ.”

ಅವನು ಓದಿದ. “ಈ ಫೋಟೋ ಹೊಡದಾಂವ ನಾನು. ಆ ಸೀಟು ನನ್ನ ಹೇಣ್ತಿದು.”

ಅನಸುಬಾಯಿ ಹೆಗಲ ಮೇಲಿನ ಟವೆಲ್ ತೆಗೆದು ತೊಡೆಯ ಮೇಲಿಟ್ಟುಕೊಂಡು, ಅದರ ಮಡಿಕೆ ಸರಿಮಾಡುತ್ತ ಕೂತಳು. ಒಳಗಿನಿಂದ ಭಾಗ್ಯಳ ಹೆಸರು ಕರೆದರು. ರೇವಣಸಿದ್ದ ಎದ್ದು ಕೈ ಚಾಚಿದ. ಭಾಗ್ಯ ಆ ಕೈ ಹಿಡಿಯಲಿಲ್ಲ. ಅನಸುಬಾಯಿಯ ಹೆಗಲು ಹಿಡಿದು ಎದ್ದು, ಗೋಡೆ ಆಸರೆ ಮಾಡಿಕೊಂಡು ಒಳಗೆ ಹೋದಳು.