ಹಾಳೆಯಮ್ಮನ ಸರದಿ

ಕೀಬೋರ್ಡಿನ ಮುಂದೆ ಹಾಳೆಯಮ್ಮ ಹೆದರಿ ಕೂತಿದ್ದಳು. ಸಂಗೀತ ಚಿಕಿತ್ಸೆ ಕಲಿಯಲು ಸೇರಿದ ಮೊದಲ ವಾರವೇ ಜೊತೆಯವರು ಇಟ್ಟ ಹೆಸರದು. ಸ್ವರ ಬರೆದ ಹಾಳೆ ಎದುರಿಗಿದ್ದರೆ ಹುಲಿ, ಇಲ್ಲದಿದ್ದರೆ ಬೆಕ್ಕಿನ ಮರಿ. ಈ ವಿದ್ಯೆಯಲ್ಲಾದರೋ ಹಾಳೆಗೆ ಕೆಲಸವೇ ಇಲ್ಲ; ರೋಗಿ ಏನು ಮಾಡುತ್ತಾನೋ ಅದಕ್ಕೆ ತಕ್ಕಂತೆ ಆ ಕ್ಷಣದಲ್ಲೇ ಹುಟ್ಟಿಸಿ ನುಡಿಸಬೇಕು. ಇವಳೋ ಪ್ರತಿ ಸಲವೂ ಮನೆಯಲ್ಲಿ ಬರೆದು, ಬಾಯಿಪಾಠ ಮಾಡಿ, ಈಗಷ್ಟೇ ಹೊಳೆಯಿತು ಎಂಬಂತೆ ನುಡಿಸುತ್ತಿದ್ದಳು. ನಡುವೆ ಎಲ್ಲಿ ತಡವರಿಸಬೇಕು ಎಂಬುದನ್ನೂ ಅಭ್ಯಾಸ ಮಾಡಿಕೊಂಡು ಬರುತ್ತಿದ್ದಳು, ಪುಣ್ಯಾತ್ಗಿತ್ತಿ!

ಎದುರಿಗೆ ಗಾಲಿಕುರ್ಚಿಯಲ್ಲಿ ಅವಳ ರೋಗಿ, ಒಬ್ಬ ಬಡಗಿ. ಲಕ್ವ ಹೊಡೆದು ಮಾತು, ಬಲಗೈ ಎರಡೂ ಹೋಗಿ ಮೂರು ತಿಂಗಳು. ತೊಡೆಯ ಮೇಲಿಟ್ಟ ಚಿಕ್ಕ ಡ್ರಮ್ಮನ್ನು ಅವನು ಐದು ವಾರದಿಂದ ಒಮ್ಮೆಯೂ ಮುಟ್ಟಿರಲಿಲ್ಲ. ಗೋಡೆಗೊರಗಿ ಅವನ ಹೆಂಡತಿ ನಿಂತಿದ್ದಳು. ಬಾಗಿಲ ಬಳಿ ಪಾಠ ಹೇಳುವ ಮೇಡಂ ಪೆನ್ನು ಹಿಡಿದು ಕೂತಿದ್ದರು.

"ಇವತ್ತೂ ಏನೂ ಆಗ್ಲಿಲ್ಲ ಅಂದ್ರೆ ಆಸ್ಪತ್ರೆಯವರು ಈ ರೋಗಿಯ ಸಮಯ ಬೇರೆಯವರಿಗೆ ಕೊಡ್ತಾರೆ. ಕಾಯೋರು ತುಂಬ ಜನ ಇದಾರೆ ಕಣಮ್ಮ" ಎಂದು ಮೇಡಂ ಬೆಳಿಗ್ಗೆಯೇ ಹೇಳಿದ್ದರು.

ಆಗಿನಿಂದ ಅವಳಿಗೆ ತನ್ನ ಪುಕ್ಕಲುತನಕ್ಕೆ ಈ ಮನುಷ್ಯ ದಂಡ ತೆರಬೇಕಲ್ಲ ಎಂಬ ಭಯ.

ಬಾಯಿಪಾಠದ್ದನ್ನೇ ಶುರು ಮಾಡಿದಳು. ಮೂರನೇ ಸಾಲಿಗೆ ಬಂದಾಗ ಬಡಗಿಯ ಎಡಗೈ ಡ್ರಮ್ಮಿಗೆ ಬಡಿಯಿತು. ಎರಡು ಪೆಟ್ಟು, ಸ್ವಲ್ಪ ತಡೆದು ಒಂದು, ಮತ್ತೆ ಎರಡು. ಆ ಪೆಟ್ಟು ಅವಳ ರಾಗದ ಯಾವ ಮೂಲೆಯಲ್ಲೂ ಕೂರುತ್ತಿರಲಿಲ್ಲ. ಬಿಟ್ಟರೆ ಬಿದ್ದೇನು ಎಂಬಂತೆ ಅವಳು ರಾಗವನ್ನೇ ಹಿಡಿದುಕೊಂಡು ಮುಂದೆ ಹೋದಳು. ಅವನು ಜೋರಾಗಿ ಬಡಿದ. ಇನ್ನೂ ಜೋರಾಗಿ. ಆಮೇಲೆ ನಿಲ್ಲಿಸಿ ಕಿಟಕಿಯತ್ತ ಮುಖ ತಿರುಗಿಸಿದ.

"ಮನೇಲೂ ಹೀಗೇ ಮಂಚ ಬಡೀತಾರಮ್ಮ" ಎಂದಳು ಹೆಂಡತಿ, ಮೆಲ್ಲಗೆ. "ನೀರು ಕೊಡ್ತೀವಿ, ದಿಂಬು ಸರಿ ಮಾಡ್ತೀವಿ. ಅದಲ್ಲ ಅಂತ ಆ ಕಡೆ ತಿರುಗ್ತಾರೆ. ಹೆದರಿದಾರೆ ಕಣಮ್ಮ ಅವರು. ನಲವತ್ತು ವರ್ಷದಲ್ಲಿ ಅವರು ಹೆದರಿದ್ದು ನಾನು ಕಂಡಿರ್ಲಿಲ್ಲ."

ಹಾಳೆಯಮ್ಮನಿಗೆ ಮುಂದಿನ ಸಾಲು ಮರೆತೇಹೋಯಿತು. ಮೇಡಂ ಏನೋ ಬರೆಯುತ್ತಿದ್ದರು. ಎದ್ದು ಓಡಿಬಿಡಲೇ ಅನ್ನಿಸಿತು. ತಲೆಯಲ್ಲಿ ಉಳಿದಿದ್ದದ್ದು ಅವನ ಪೆಟ್ಟುಗಳು ಮಾತ್ರ. ಒಂದೇ ಒಂದು ತಗ್ಗಿನ ಸ್ವರದ ಮೇಲೆ ಅವನ್ನೇ ನುಡಿಸಿದಳು. ಎರಡು, ತಡೆದು ಒಂದು, ಮತ್ತೆ ಎರಡು.

ಅವನು ತಿರುಗಲಿಲ್ಲ. ಮತ್ತೆ ನುಡಿಸಿದಳು. ಮೂರನೇ ಸಲಕ್ಕೆ ಎಡಗೈ ಅಲುಗಿತು.

ಅವನು ಬಡಿದ, ಇವಳು ಅದನ್ನೇ ತಿರುಗಿ ಕೊಟ್ಟಳು. ಅವನ ಪೆಟ್ಟು ಓಡಿತು, ಇವಳ ಬೆರಳು ಬಿದ್ದು ಎದ್ದು ಹಿಂದೆ ಓಡಿತು. ಇದ್ದಕ್ಕಿದ್ದಂತೆ ಅವನು ಕೈಯನ್ನು ಗಾಳಿಯಲ್ಲೇ ಎತ್ತಿಹಿಡಿದು, ಮುಖವನ್ನು ಇತ್ತ ತಿರುಗಿಸಿ, ಅವಳನ್ನೇ ನೋಡಿದ. ಮುಂದಿನದು ನೀನು ಹೇಳು ಎಂದು ಕಾಯುತ್ತಿದ್ದ.

ಅವಳ ಬಳಿ ಏನೂ ಇರಲಿಲ್ಲ. ಹಾಳೆಯಿಲ್ಲ, ಬಾಯಿಪಾಠವಿಲ್ಲ. ಮೇಡಂ ಬರೆಯುವುದನ್ನು ನಿಲ್ಲಿಸಿದ್ದರು. ತನ್ನ ಕೈಯಂತೆ ಎತ್ತಿದ ಆ ಕೈಗೂ ಮುಂದಿನದು ಗೊತ್ತಿಲ್ಲ ಎಂಬುದು ಅವಳಿಗೆ ಕಂಡಿತು.

ಯಾವ ಸ್ವರ ಎಂದು ನೋಡದೆ ಬೆರಳೂರಿದಳು.